ಆರೋಗ್ಯಮ್ಮ ನನ್ನಲ್ಲಿ ಹುಡುಕಿದ್ದು

ಕೊಳವಳ್ಳಿಯ ಹೊಳೆ ದಾಟುವ ಕಡವಿನಲ್ಲಿ ತೋಣಿಯಿಂದಿಳಿದು ದಡ ಹತ್ತಿದರೆ ಮೊದಲು ಸಿಗುತ್ತಿದ್ದುದು ಆರೋಗ್ಯಮ್ಮನ ಚಾಯದಂಗಡಿ. ಅದರಿಂದ ಇಪ್ಪತ್ತು ಹೆಜ್ಜೆ ಮೇಲೆ ನನ್ನ ದಿನಸಿ ಅಂಗಡಿ. ಕಬಿನಿಯ ಆ ದಡ ಕರ್ನಾಟಕ, ಈ ದಡ ಕೇರಳ. ಎರಡೂ ಕಡೆಯ ಜನ, ಎರಡೂ ಕಡೆಯ ಸುದ್ದಿ ನಮ್ಮಿಬ್ಬರ ಮುಂದೆಯೇ ಹಾದುಹೋಗಬೇಕು. ಆಕೆಯ ಬೆಂಚಿನ ಮೇಲೆ ಕೂತ ಚಾಡಿ ಅಲ್ಲೇ ಸತ್ತುಹೋಗುತ್ತಿತ್ತು. ನನ್ನ ಅಂಗಡಿಗೆ ಬಂದದ್ದು ಮರಿ ಹಾಕಿ ಊರೆಲ್ಲ ಓಡಾಡುತ್ತಿತ್ತು. ನನ್ನ ಹೆಸರು ಬಸವಯ್ಯ. ಚಾಡಿಯ ಈ ಹೆಚ್ಚುಗಾರಿಕೆಯನ್ನು ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ, ಎಪ್ಪತ್ತು ದಾಟಿದ ಮೇಲೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಆಕೆಯ ಕಥೆ ಹೇಳಬೇಕೆಂದರೆ ನನ್ನ ಮಾನ ಸ್ವಲ್ಪ ಹೋಗಲೇಬೇಕು.

ಆರೋಗ್ಯಮ್ಮ ಮೈಸೂರು ಸೀಮೆಯ ದೋರನಹಳ್ಳಿ ಕಡೆಯವಳು, ಕ್ರೈಸ್ತಳು. ಗಂಡ ಇನ್ನಾಸಪ್ಪ ಬಿದಿರು ಕಡಿಸುವ ಗುತ್ತಿಗೆದಾರನ ಹಿಂದೆ ಈ ಕಾಡಿಗೆ ಬಂದವನು, ಹೆಂಡತಿಯನ್ನೂ ಎಳೆಗೂಸನ್ನೂ ಕರೆಸಿಕೊಂಡು ಇಲ್ಲೇ ಉಳಿದ. ಮೂರನೇ ಮಳೆಗಾಲಕ್ಕೆ ಕಾಡುಜ್ವರ ಬಂದು ತೀರಿಕೊಂಡ. ಊರಿಗೆ ಹಿಂದಿರುಗು ಎಂದು ಎಲ್ಲರೂ ಹೇಳಿದರು. ಆಕೆ ಹೋಗಲಿಲ್ಲ. ಗಂಡ ಕೂಡಿಟ್ಟಿದ್ದ ಬಿದಿರಿನಿಂದ ನಾಲ್ಕು ತಟ್ಟಿ ಕಟ್ಟಿಸಿ, ಒಲೆ ಹಾಕಿ, ಚಾಯ ಕಾಸಲು ಕೂತಳು. ಎತ್ತರದ ಹೆಂಗಸು, ಬೆನ್ನು ಸ್ವಲ್ಪ ಬಾಗಿತ್ತು, ಕೊರಳಲ್ಲಿ ಕಪ್ಪು ಮಣಿಯ ಜಪಸರ. ಭಾನುವಾರ ಮೂರು ಮೈಲಿ ನಡೆದು ಪಳ್ಳಿಯಲ್ಲಿ, ಅಂದರೆ ಇಲ್ಲಿಯ ಚರ್ಚಿನಲ್ಲಿ, ಮಲಯಾಳದ ಪೂಜೆ ಕೇಳಿ ಬಂದು, ಸಂಜೆ ಒಲೆಯ ಪಕ್ಕ ಕನ್ನಡದಲ್ಲಿ ತನ್ನ ಪಾಡಿಗೆ ಜಪ ಹೇಳಿಕೊಳ್ಳುವಳು. ದೇವರಿಗೆ ಯಾವ ಭಾಷೆಯಾದರೂ ಆದೀತು, ತನಗೆ ಅಳು ಬರುವುದು ಕನ್ನಡದಲ್ಲಿ ಎನ್ನುತ್ತಿದ್ದಳು.

ಆಕೆಗೊಂದು ಗೀಳಿತ್ತು. ಯಾರ ಹೆಸರು ಎತ್ತಿದರೂ ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳದೆ ಬಿಡುತ್ತಿರಲಿಲ್ಲ. ದೊಡ್ಡ ಹೊಗಳಿಕೆಯೇನಲ್ಲ, ಯಾವುದೋ ಸಣ್ಣ ಸಂಗತಿ, ತಾನೇ ನೋಡಿದ್ದು. ಜೇನು ಕೀಳುವ ಕೇತನ್ ಕುಡಿದು ಹಾದಿಯಲ್ಲಿ ಬಿದ್ದಿದ್ದಾನೆ ಎಂದು ನಾವು ನಗುತ್ತಿದ್ದರೆ, ಅವನು ಇಳಿಸಿದ ಜೇನುರೊಟ್ಟಿನ ಮೊದಲ ತುಂಡನ್ನು ಯಾವತ್ತೂ ತಾನು ತಿಂದಿಲ್ಲ, ಕಣ್ಣು ಕಾಣದ ಅತ್ತೆಯ ಬಾಯಿಗೇ ಇಡುತ್ತಾನೆ ಎನ್ನುವಳು. ಪುಲ್ಪಳ್ಳಿ ಬಸ್ಸಿನ ಸಿಡುಕು ಕಂಡಕ್ಟರನ್ನು ಊರೇ ಬೈಯುತ್ತಿತ್ತು. ಬಸುರಿ ಹೆಂಗಸು ಹತ್ತಿದರೆ ಆಕೆ ಸರಿಯಾಗಿ ಕೂರುವ ತನಕ ಅವನು ಬೆಲ್ ಹೊಡೆಯುವುದಿಲ್ಲ ಎನ್ನುವುದು ಆರೋಗ್ಯಮ್ಮನ ಕಣ್ಣಿಗೆ ಬಿದ್ದಿತ್ತು.

ನಮಗೆಲ್ಲ ಇದು ತಮಾಷೆ. ಆರೋಗ್ಯಮ್ಮನ ಚಾಯಕ್ಕೆ ಸಕ್ಕರೆ ಬೇಡ, ಆಕೆ ಎದುರಿಗೆ ನಿಂತು ನಾಲ್ಕು ಮಾತಾಡಿದರೆ ಸಾಕು ಎನ್ನುವುದು ನಾನೇ ಹುಟ್ಟಿಸಿದ ಗೇಲಿ. ಒಂದು ಸಲ ಆನೆ ಬಂದು ಆಕೆಯ ಬಾಳೆಗಿಡಗಳನ್ನೆಲ್ಲ ತುಳಿದು ಹೋದಾಗ, ಆನೆಯ ಬಗ್ಗೆ ಏನು ಒಳ್ಳೆಯದು ಹೇಳುತ್ತಾಳೋ ಕೇಳಿಕೊಂಡು ಬಾ ಎಂದು ತೋಣಿ ನಡೆಸುವ ಶಂಕರನನ್ನು ಕಳಿಸಿದ್ದೆ. ಮರಿ ಜೊತೆಗಿತ್ತಂತೆ, ತಾಯಿ ಮೊದಲು ಅದಕ್ಕೆ ತಿನ್ನಲು ಬಿಟ್ಟಿತಂತೆ, ತಟ್ಟಿಯ ಸಂದಿಯಿಂದ ಆಕೆ ನೋಡಿದಳಂತೆ. ನಾವು ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು.

ಈ ಅಭ್ಯಾಸ ಎಲ್ಲಿಂದ ಅಂಟಿತು ಎಂದು ಒಮ್ಮೆ ಕೇಳಿದ್ದೆ. ಆಕೆ ಮುಚ್ಚಿಡದೆ ಹೇಳಿದಳು. ಹೊಸದಾಗಿ ಮದುವೆಯಾಗಿ ಬಂದಾಗ ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚು. ವಾರಗಿತ್ತಿಗೆ ಕೆಮ್ಮು ಹತ್ತಿತ್ತು. ಬಾವಿಕಟ್ಟೆಯಲ್ಲಿ ನಾಲ್ಕು ಜನರೆದುರು, ಅದು ಬರೀ ಕೆಮ್ಮಲ್ಲ, ಕ್ಷಯ ಇರಬೇಕು ಎಂದುಬಿಟ್ಟಳು. ಒಂದು ವಾರದಲ್ಲಿ ಅವಳ ಕೈಯ ನೀರನ್ನು ಯಾರೂ ಮುಟ್ಟದಂತಾಯಿತು. ಅವಳು ತವರಿಗೆ ಹೋದಳು, ಗಂಡ ಮತ್ತೆ ಕರೆಸಿಕೊಳ್ಳಲಿಲ್ಲ. ಕೆಮ್ಮು ಮಾತ್ರ ಹದಿನೈದು ದಿನದಲ್ಲಿ ವಾಸಿಯಾಗಿತ್ತು. ಆರೋಗ್ಯಮ್ಮ ಪಾಪನಿವೇದನೆಗೆ ಹೋದಾಗ ಅಲ್ಲಿಯ ಮುದಿ ಗುರುಗಳು ಜಪ, ಉಪವಾಸ ಯಾವುದನ್ನೂ ಹೇಳಲಿಲ್ಲ. ನಲವತ್ತು ದಿನ ನಿನ್ನೆದುರು ಬಂದವರಲ್ಲೆಲ್ಲ ಒಂದು ಒಳ್ಳೆಯದನ್ನು ಕಣ್ಣಾರೆ ಕಂಡು ಬಾಯಾರೆ ಹೇಳು, ಕಾಣದೆ ಹೇಳಿದರೆ ಅದೂ ಸುಳ್ಳೇ, ಕಾಣದಿದ್ದರೆ ಕಾಣುವ ತನಕ ನೋಡು ಎಂದರಂತೆ.

ನಲವತ್ತು ದಿನ ಎಂದೋ ಮುಗಿದಿತ್ತಲ್ಲ ಎಂದೆ. ಮುಗಿದ ಮೇಲೆ ನಿಲ್ಲಿಸಲು ಹೆದರಿಕೆಯಾಯಿತು ಎಂದಳು. ನಾನು ಎದ್ದು ಬಂದು ಇದನ್ನೂ ಊರಿಗೆಲ್ಲ ಹಂಚಿದೆ.

ವಯನಾಡು ಜಿಲ್ಲೆಯಾದ ಹೊಸತು ಅದು, ಎಂಬತ್ತೊಂದರ ಮಾತು. ಕಾಗದಪತ್ರಕ್ಕೆ ಘಾಟಿ ಇಳಿಯುವುದು ತಪ್ಪಿತು, ಇನ್ನು ಎಲ್ಲಾ ಕಲ್ಪೆಟ್ಟದಲ್ಲೇ ಎಂದು ಜನ ಹಿಗ್ಗಿದ್ದರು. ಜಿಲ್ಲೆ ಬದಲಾದರೂ ನಮ್ಮ ಕಡವಿನ ಒಂದು ಪದ್ಧತಿ ಬದಲಾಗಲಿಲ್ಲ. ಹೆಣ್ಣು ಕೇಳುವ ಮೊದಲು ಗಂಡಿನ ಕಡೆಯವರು ಗುಟ್ಟಾಗಿ ಬಂದು ಮನೆತನ ವಿಚಾರಿಸುವುದು. ಹೆಣ್ಣಿನ ಮನೆಗೂ ಹೋಗುವಂತಿಲ್ಲ, ನೆಂಟರನ್ನೂ ಕೇಳುವಂತಿಲ್ಲ. ಎತ್ತು ನೋಡಲು ಬಂದೆವು, ಕಾಳುಮೆಣಸಿನ ಧಾರಣೆ ಕೇಳಲು ಬಂದೆವು ಎಂದು ಕಡವಿನ ಅಂಗಡಿಯಲ್ಲಿ ಕೂತು ಮಾತು ತೆಗೆಯುತ್ತಾರೆ. ಎತ್ತು ನೋಡಲು ಬಂದವರು ರೇಷ್ಮೆ ಸೀರೆ ಉಟ್ಟ ಹೆಂಗಸನ್ನು ಜೊತೆಗೆ ತರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಆದರೂ ಅವರು ನಟಿಸಬೇಕು, ನಾವು ನಂಬಿದಂತೆ ನಟಿಸಬೇಕು. ಅಂಥ ಹೊತ್ತಿನಲ್ಲಿ ಒಂದು ಮಾತು ಎಸೆದು ಸಂಬಂಧ ಕೆಡಿಸುವವರನ್ನು ಮಲಯಾಳದವರು ಕಲ್ಯಾಣಂ ಮುಡಕ್ಕಿ ಎನ್ನುತ್ತಾರೆ, ಮದುವೆಮುರುಕ ಎಂದು.

ಮೆಣಸು ಕೊಯ್ಲಿನ ಕಾಲದಲ್ಲಿ ಆರೋಗ್ಯಮ್ಮನ ಮಗಳು ಫಿಲೋಮಿನಳನ್ನು ವಿಚಾರಿಸಲು ಮೈಸೂರಿನಿಂದ ಮೂವರು ಬಂದರು. ಹುಡುಗ ಬಡಗಿ, ಒಳ್ಳೆಯ ಕುಟುಂಬ. ಆಕೆಯ ಅಂಗಡಿಯಲ್ಲಿ ಕೇಳುವ ಹಾಗಿಲ್ಲವಲ್ಲ, ನನ್ನ ಅಂಗಡಿಗೆ ಬಂದು ಮೆಣಸಿನ ಧಾರಣೆ ಕೇಳಿದರು. ನನಗೆ ಫಿಲೋಮಿನಳ ಮೇಲೆ ಯಾವ ದ್ವೇಷವೂ ಇರಲಿಲ್ಲ. ಇಪ್ಪತ್ತೊಂದರ ಹುಡುಗಿ, ಹೊಲಿಗೆ ಕಲಿಯಲು ದಿನಾ ಹೊಳೆ ದಾಟುತ್ತಿದ್ದಳು, ತಲೆ ಎತ್ತಿ ಮಾತಾಡಿದವಳಲ್ಲ. ಹುಡುಗಿ ಬಂಗಾರ ಎಂದೆ. ಕೈಕೆಲಸ ಬಲ್ಲಳು ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ನಮ್ಮ ತೋಣಿಯವನಂತೂ ಅವಳು ಬಂದರೆ ಯಾರಿಗೂ ಕಾಯುವುದಿಲ್ಲ ಎಂದು, ಉಳಿದದ್ದನ್ನು ನುಂಗಿ, ನಕ್ಕು, ತಕ್ಕಡಿಯ ಕಡೆ ತಿರುಗಿಕೊಂಡೆ.

ಶಂಕರನಿಗೆ ಹೆಂಡತಿ, ಮೂರು ಮಕ್ಕಳು. ತಂದೆಯಿಲ್ಲದ ಹುಡುಗಿ ಎಂದು ಪಾಪ, ಹೊತ್ತಿಗೆ ಸರಿಯಾಗಿ ದಾಟಿಸುತ್ತಿದ್ದ. ಬಂದವರು ಹಿಂದಿರುಗುವಾಗ ತೋಣಿಯಲ್ಲಿ ಅವನನ್ನು ಮೇಲಿಂದ ಕೆಳಗೆ ನೋಡಿ, ವಯಸ್ಸು ಕೇಳಿ, ಬಸವಯ್ಯ ಹೀಗಂದರಲ್ಲ ಎಂದು ಅವನನ್ನೇ ಕೇಳಿಬಿಟ್ಟರು. ಮತ್ತೆ ಅವರು ಬರಲಿಲ್ಲ. ಮಾತಿಗೆ ಕಾಲು ಮೂಡಿ ಆಚೆ ದಡದ ನಾಲ್ಕು ಊರು ತಿರುಗಿತು. ಇನ್ನೆರಡು ಕಡೆಯವರು ವಿಚಾರಿಸಲೂ ಬರದೆ ನಿಂತುಹೋದರು. ನಾನು ಸುಳ್ಳು ಹೇಳಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಹೊತ್ತಿಗೆ ಆ ಮಾತು ಬಾಯಿಗೆ ರುಚಿಯಾಗಿತ್ತು, ಅಷ್ಟೇ. ಆರೋಗ್ಯಮ್ಮ ಎಂದಿನಂತೆ ಚಾಯ ಕೊಡುತ್ತಿದ್ದಳು, ಹಾಗಾಗಿ ಆಕೆಗೆ ಗೊತ್ತಾಗಿಲ್ಲ ಎಂದುಕೊಂಡೆ.

ಎರಡು ವರ್ಷ ಕಳೆದು ಜೂನ್ ತಿಂಗಳಲ್ಲಿ ನನ್ನ ಮಗಳು ಮಾದೇವಿ ಬೆಳಿಗ್ಗೆ ಮನೆಯಿಂದ ಹೋದವಳು ಸಂಜೆಗೆ ಬರಲಿಲ್ಲ. ಹದಿನೇಳು ವರ್ಷದವಳು. ಗುಂಡ್ಲುಪೇಟೆಯ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಎಂದು ಊರಿಗೆ ಹೇಳಿ, ನಾನೂ ನನ್ನ ಹೆಂಡತಿ ಇಂದ್ರಮ್ಮನೂ ಗುಟ್ಟಾಗಿ ಹುಡುಕಿದೆವು. ಊರಿನವರ ಮಕ್ಕಳ ಸುದ್ದಿ ಆಡಿದ ಬಾಯಿಗೆ ಅವತ್ತು ನೀರೂ ಇಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಳೆಯಲ್ಲಿ ತೋಣಿ ಬಂತು. ಆರೋಗ್ಯಮ್ಮ ಇಳಿದಳು, ಹಿಂದೆ ಮಾದೇವಿ.

ನಿಮ್ಮನ್ನು ಕೇಳದೆ ನನ್ನ ಜೊತೆ ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಕರೆದುಕೊಂಡು ಹೋದೆ, ತಪ್ಪಾಯಿತು ಎಂದಳು ಆಕೆ. ಹೋದ ಜೀವ ಬಂದಿತ್ತು, ಬಂದ ಜೀವಕ್ಕೆ ಸಿಟ್ಟು ಹತ್ತಿತು. ಕಡವಿನಲ್ಲಿ ಹತ್ತಾರು ಜನರ ನಡುವೆ ನಿಲ್ಲಿಸಿ ಆಕೆಯನ್ನು ಬೈದೆ. ನನ್ನ ಮಗಳನ್ನು ಜಾತಿ ಕೆಡಿಸಲು ನೋಡಿದೆ ಎಂದೆ, ನಿನ್ನ ಮಗಳಿಗೆ ಗಂಡು ಸಿಗದ್ದಕ್ಕೆ ನನ್ನ ಮಗಳ ಮೇಲೆ ಕಣ್ಣೇ ಎಂದೆ. ಹೌದು, ಅದನ್ನೂ ಅಂದೆ. ಫಿಲೋಮಿನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಆರೋಗ್ಯಮ್ಮ ಸೆರಗಿನಿಂದ ಮುಖದ ಮೇಲಿನ ಮಳೆನೀರು ಒರೆಸಿಕೊಂಡು ಒಳಗೆ ಹೋದಳು. ಅಲ್ಲಿಗೂ ಬಿಡದೆ, ನಮ್ಮ ಜನ ಯಾರೂ ಅಲ್ಲಿ ಚಾಯ ಕುಡಿಯಬಾರದೆಂದು ಹೇಳಿದೆ. ಒಂದು ವರ್ಷ ಆ ಬೆಂಚು ಮುಕ್ಕಾಲು ಖಾಲಿಯಿತ್ತು. ಫಿಲೋಮಿನ ಹೊಲಿಗೆ ಯಂತ್ರ ತಂದು ಅಲ್ಲೇ ಹಾಕಿಕೊಂಡು ಮನೆ ನಡೆಸಿದಳು. ವರ್ಷ ಕಳೆದ ಮೇಲೆ ಸಿಟ್ಟು ತಣ್ಣಗಾಗಿ, ಇಂದ್ರಮ್ಮನ ಒತ್ತಾಯಕ್ಕೆ, ಮಾದೇವಿಯನ್ನು ಅವಳ ಹತ್ತಿರ ಹೊಲಿಗೆ ಕಲಿಯಲು ಬಿಟ್ಟೆ. ಕ್ಷಮೆ ಮಾತ್ರ ಕೇಳಲಿಲ್ಲ.

ಮಾದೇವಿಗೆ ಇಪ್ಪತ್ತಾದಾಗ ಸರಗೂರಿನ ಕಡೆಯ ಒಂದು ಸಂಬಂಧ ಬಂತು. ಹುಡುಗ ಶಾಲೆ ಮಾಸ್ತರ. ಇವಳು ಅವನನ್ನು ಒಂದು ಮದುವೆಯಲ್ಲಿ ನೋಡಿದ್ದಳು, ಮನಸ್ಸು ಅಲ್ಲೇ ಇತ್ತು. ಹೆಸರು ಎತ್ತಿದರೆ ಕೈಯಲ್ಲಿದ್ದ ಪಾತ್ರೆ ಬೀಳಿಸುತ್ತಿದ್ದಳು. ಇಂಥ ದಿನ ಹುಡುಗನ ಸೋದರಮಾವ ಮತ್ತು ದೊಡ್ಡಮ್ಮ ಹೊಳೆ ದಾಟಿ ವಿಚಾರಿಸಲು ಬರುತ್ತಾರೆ ಎಂದು ಸಂಬಂಧ ತಂದವನು ನನ್ನ ಕಿವಿಯಲ್ಲಿ ಹೇಳಿದ. ಹುಡುಗಿ ಮೂರು ದಿನ ಮನೆಯಲ್ಲಿರಲಿಲ್ಲ ಎಂಬ ಗಾಳಿಮಾತು ಅವರ ಕಿವಿಗೆ ಬಿದ್ದಿದೆ, ಚಾಯದಂಗಡಿಯಲ್ಲಿ ಕೇಳಿಯೇ ತೀರ್ಮಾನ ಮಾಡುತ್ತಾರಂತೆ ಎಂದೂ ಹೇಳಿದ.

ನಾನು ಯಾರ ಮಗಳ ಬಾಳಿಗೆ ಕಲ್ಲು ಹಾಕಿದ್ದೆನೋ ಅವಳ ಬಾಯಲ್ಲೇ ನನ್ನ ಮಗಳ ಬಾಳು. ಹೋಗಿ ಆರೋಗ್ಯಮ್ಮನ ಕೈ ಹಿಡಿದು ಕೇಳಿಕೊಳ್ಳಿ ಎಂದಳು ಇಂದ್ರಮ್ಮ. ಕೇಳಿಕೊಳ್ಳಲು ಗಂಡಸುತನ ಬೇಕು, ನನಗದು ಇರಲಿಲ್ಲ. ನಾನು ಮಾಡಿದ್ದು, ಅವರು ಬಂದ ದಿನ ಹಿಂದಿನಿಂದ ಹೋಗಿ ಆಕೆಯ ಸೌದೆ ಕೊಟ್ಟಿಗೆಯಲ್ಲಿ ತಟ್ಟಿಗೆ ಕಿವಿ ಕೊಟ್ಟು ಕೂತದ್ದು.

ಅವರು ಎತ್ತಿನ ಮಾತಿನಿಂದಲೇ ಶುರು ಮಾಡಿದರು. ಫಿಲೋಮಿನ ಚಾಯ ತಂದಿಟ್ಟಳು. ಆಮೇಲೆ ದೊಡ್ಡಮ್ಮ ನೇರವಾಗಿ ಕೇಳಿದಳು. ನೀವು ಎಲ್ಲರಿಗೂ ಒಳ್ಳೆಯದನ್ನೇ ಹೇಳುತ್ತೀರಂತೆ, ನಿಮ್ಮ ಮಾತನ್ನು ನಂಬುವುದು ಹೇಗೆ ಎಂದಳು. ನಂಬಬೇಡಿ, ಹೋಗಿ ನೋಡಿ ಎಂದಳು ಆರೋಗ್ಯಮ್ಮ. ಹುಡುಗಿ ಆ ಮೂರು ದಿನ ಎಲ್ಲಿದ್ದಳು ಎಂದು ಸೋದರಮಾವ ಕೇಳಿದ.

"ನಂಜೊತೇಲಿದ್ಲು ಕನಣ್ಣ. ದೋರ್ನಳ್ಳಿ ಹಬ್ಬಕ್ಕೆ ಕರ್ಕೊಂಡೋಗಿದ್ದೆ. ಎಲ್ಡು ರಾತ್ರಿ ನನ್ ಮಗ್ಗುಲಲ್ಲೇ ಮಲ್ಗಿದ್ಲು. ಮೆರವಣಿಗೇಲಿ ಒಂದು ಮುದುಕಿ ಕಾಲು ನೋವು ಅಂತ ಹಿಂದೆ ಬಿದ್ಲು. ಈ ಮಗ ಯಾರೂ ಹೇಳ್ದೆ ವಾಪಸ್ ಹೋಗಿ, ಅವಳ ಕೈ ಹಿಡ್ಕೊಂಡು ಕೊನೇಗಂಟ ನಡೆಸ್ಕೊಂಡು ಬಂದ್ಲು. ನಾನು ನೋಡಿವ್ನಿ."

ದೊಡ್ಡಮ್ಮ ಫಿಲೋಮಿನಳ ಕಡೆ ತಿರುಗಿ, ನೀನೇನು ಹೇಳುತ್ತೀಯವ್ವ ಎಂದಳು. ತಟ್ಟಿಯ ಕೆಳಗಿನ ಸಂದಿಯಿಂದ ನನ್ನ ಪಾದ ಅವಳಿಗೆ ಕಾಣುತ್ತಿರಬಹುದು ಎಂದು ಆಗ ಹೊಳೆಯಿತು. ಒಂದು ಮಾತು ಸಾಕಿತ್ತು. ಅರ್ಧ ಮಾತು, ಒಂದು ನಗು ಸಾಕಿತ್ತು, ನಾನು ಮಾಡಿದ ಹಾಗೆ.

ಮಾದೇವಿ ನನ್ನ ಹತ್ತಿರ ಹೊಲಿಗೆ ಕಲಿತವಳು, ಹೊಲಿದದ್ದು ತಪ್ಪು ಎಂದರೆ ಮುಖ ಸೊಟ್ಟ ಮಾಡದೆ ಬಿಚ್ಚಿ ಮತ್ತೆ ಹೊಲಿಯುತ್ತಾಳೆ ಎಂದಳು ಫಿಲೋಮಿನ. ಅಪ್ಪನ ಬಗ್ಗೆ ಕೇಳಿದಾಗ, ಅದನ್ನು ಅಮ್ಮನನ್ನು ಕೇಳಿ ಎಂದು ಯಂತ್ರದ ಮುಂದೆ ಹೋಗಿ ಕೂತಳು.

ಅಪ್ಪನ ಬಾಯಿ ಕೆಟ್ಟದ್ದು ಅಂತಾರೆ, ನಿಮ್ಮನ್ನೇ ಕಡವಿನಲ್ಲಿ ನಿಲ್ಲಿಸಿ ಬೈದರಂತಲ್ಲ ಎಂದ ಸೋದರಮಾವ. ಬೈದರು ಎಂದಳು ಆರೋಗ್ಯಮ್ಮ. ಇದ್ದದ್ದನ್ನು ಇಲ್ಲ ಎನ್ನುವವಳಲ್ಲವಲ್ಲ ಆಕೆ. ಸಂಬಂಧ ಮುರಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

"ಅವರವ್ವ ಲಕ್ವ ಹೊಡ್ದು ವರ್ಷದ ಮೇಲೆ ಮಲಗಿದ್ರು," ಎಂದಳು ಆರೋಗ್ಯಮ್ಮ. "ಆ ಹೊಲಸು ಬಟ್ಟೆಯೆಲ್ಲ ಹೆಂಡ್ತಿ ಕೈಗೆ ಹಾಕ್ದೆ, ಜನ ಏಳೋಕ್ ಮುಂಚೆ ಇವ್ರೇ ಹೊಳೇಲಿ ಒಗೀತಿದ್ರು. ಒಗ್ದು ಒಣಗಾಕಿ, ಅವ್ವನ ಜಗಲೀಲಿ ಕೂರ್ಸಿ ತಲೆ ಬಾಚ್ತಿದ್ರು. ಸಿಕ್ಕು ಬಂದ್ರೆ ನೋವಾಯ್ತಾ ಅಂತ ಕೇಳ್ತಿದ್ರು. ಆವಮ್ಮಂಗೆ ಮಾತು ಬರ್ತಿರ್ಲಿಲ್ಲ, ಆದ್ರೂ ಕೇಳ್ತಿದ್ರು. ಅಂಥ ಕೈಯಲ್ಲಿ ಬೆಳ್ದ ಹುಡ್ಗಿ ಕನವ್ವ."

ಇದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಗಂಡಸು ಹೇಲು ಬಟ್ಟೆ ಒಗೆಯುವುದನ್ನು ಯಾರಾದರೂ ಕಂಡರೆ ನಗುತ್ತಾರೆ ಎಂದು ಹೆದರಿ, ಮಂಜು ಹರಿಯುವ ಮೊದಲು ಮುಗಿಸಿ ಬರುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಅದನ್ನು ನಾನೂ ಮರೆತಿದ್ದೆ. ಆರೋಗ್ಯಮ್ಮನ ಹೇಳಿಕೆಯಲ್ಲಿದ್ದ ಆ ಮನುಷ್ಯನನ್ನು ನಾನೇ ಬೇರೆ ಯಾರನ್ನೋ ನೋಡಿದ ಹಾಗೆ ನೋಡಿದೆ.

ವಾರದಲ್ಲಿ ಒಪ್ಪಿಗೆ ಬಂತು. ಬೇರೆಯವರೆಲ್ಲ ಒಳ್ಳೆಯ ಮನೆತನ, ಒಳ್ಳೆಯ ಮನೆತನ ಎಂದರಂತೆ. ಕಂಡದ್ದನ್ನು ಹೇಳಿದವಳು ಅವಳೊಬ್ಬಳೇ ಎಂದಳಂತೆ ದೊಡ್ಡಮ್ಮ. ಮನೆಯಲ್ಲಿ ಸಂತೋಷ. ಆ ಸಂತೋಷದ ನಡುವೆ ಮಾದೇವಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಕೇಳಿದಾಗ ಎಲ್ಲವನ್ನೂ ಹೇಳಿದಳು.

ಆ ಜೂನಿನಲ್ಲಿ ಅವಳು ಮನೆ ಬಿಟ್ಟದ್ದು ಹಬ್ಬಕ್ಕಲ್ಲ. ಶುಂಠಿ ಕೊಳ್ಳಲು ನಮ್ಮ ಕಡೆ ಬರುತ್ತಿದ್ದ ಒಬ್ಬ ಗುಮಾಸ್ತ, ಆಚೆ ದಡದ ಕೋಟೆ ಊರಿನ ಬಸ್‌ಸ್ಟ್ಯಾಂಡಿಗೆ ಬಾ, ಮದುವೆಯಾಗೋಣ ಎಂದಿದ್ದ. ಇವಳು ಬಟ್ಟೆಗಂಟು ಹಿಡಿದು ಹೋಗಿ ಕೂತಳು. ಅವನು ಬರಲೇ ಇಲ್ಲ. ಹಬ್ಬಕ್ಕೆ ಹೊರಟಿದ್ದ ಆರೋಗ್ಯಮ್ಮ ಅದೇ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಲು ಇಳಿದಾಗ ಇವಳನ್ನು ಕಂಡಳು. ಏನನ್ನೂ ಕೇಳದೆ ಪಕ್ಕದಲ್ಲಿ ಕೂತು ಬನ್ನು ಮುರಿದು ಕೊಟ್ಟಳು. ಮನೆಗೆ ಹೋದರೆ ಹೊಳೆಗೆ ಹಾರುತ್ತೇನೆ ಎಂದು ಇವಳು ಅತ್ತಾಗ ಆಕೆ ಸ್ವಲ್ಪ ಯೋಚಿಸಿ ಹೇಳಿದ ಮಾತನ್ನು ಮಾದೇವಿ ಹಾಗೆಯೇ ನನಗೆ ಹೇಳಿದಳು.

"ಊರು ಕೇಳ್ತದೆ ಮಗ. ಸುಳ್ಳು ಹೇಳೋಕೆ ನನ್ ಕೈಲಾಗಲ್ಲ. ಹಬ್ಬಕ್ಕೆ ಬಂದಿದ್ಲು ಅಂತ ನಾನು ಹೇಳ್ಬೇಕಾದ್ರೆ ನೀನು ಹಬ್ಬಕ್ಕೆ ಬರ್ಬೇಕು. ಬಾ, ಹೋಗನ."

ಇನ್ನೊಬ್ಬರ ಹೆಸರು ಕಾಯಲು ಸುಳ್ಳು ಹೇಳುವವರನ್ನು ನೋಡಿದ್ದೇನೆ. ಒಳ್ಳೆಯ ಮಾತು ನಿಜವಾಗಲಿ ಎಂದು ಹುಡುಗಿಯ ಕೈ ಹಿಡಿದು ಅರವತ್ತು ಎಪ್ಪತ್ತು ಮೈಲಿ ಕರೆದೊಯ್ದವರನ್ನು ಎಲ್ಲಿಯೂ ಕೇಳಿರಲಿಲ್ಲ. ಅದಕ್ಕೆ ಪ್ರತಿಯಾಗಿ ಕಡವಿನ ಮಳೆಯಲ್ಲಿ ನಿಂತು ನನ್ನ ಬೈಗುಳ ತಿಂದಳು, ಒಂದು ವರ್ಷ ಖಾಲಿ ಬೆಂಚು ಒರೆಸಿದಳು. ಬಾಯಿ ಬಿಟ್ಟಿದ್ದರೆ ಅರ್ಧ ಗಳಿಗೆಯಲ್ಲಿ ನನ್ನ ತಲೆ ಎಲ್ಲರೆದುರು ತಗ್ಗುತ್ತಿತ್ತು. ಬಿಡಲಿಲ್ಲ.

ಅವತ್ತೇ ಮಧ್ಯಾಹ್ನ ಹೋದೆ. ಆಕೆ ಹಾಲಿನ ಪಾತ್ರೆ ತಿಕ್ಕುತ್ತಿದ್ದಳು. ಎಷ್ಟೋ ವರ್ಷದ ಪರಿಚಯದಲ್ಲಿ ಮೊದಲ ಸಲ ಅಕ್ಕಾ ಎಂದು ಕರೆದೆ. ಫಿಲೋಮಿನಳನ್ನು ನೋಡಲು ಬಂದವರೆದುರು ನಾನೇನು ಹೇಳಿದೆ ಗೊತ್ತೇ ಎಂದು ಕೇಳಿದೆ. ಗೊತ್ತು ಎಂದಳು. ಮಾರನೇ ದಿನವೇ ಶಂಕರ ಬಂದು ಅತ್ತು ಹೇಳಿದ್ದನಂತೆ.

ಗೊತ್ತಿದ್ದೂ ನನ್ನ ಬಗ್ಗೆ ಹಾಗೆ ಹೇಳಲು ಮನಸ್ಸು ಹೇಗೆ ಬಂತು, ಅವ್ವನ ಬಟ್ಟೆ ಒಗೆಯುವುದು ನಿಮ್ಮ ಕಣ್ಣಿಗೆ ಹೇಗೆ ಬಿತ್ತು ಎಂದೆ. ಆಕೆ ಪಾತ್ರೆ ಬೋರಲು ಹಾಕಿ ಕೈ ಒರೆಸಿಕೊಂಡಳು.

"ಬೀಳ್ಲಿಲ್ಲ ಅಣ್ಣ, ಹುಡುಕ್ದೆ. ಆ ಮಾತು ಕೇಳಿದ್ ಮೇಲೆ ನಿಮ್ ಮುಖ ಕಂಡ್ರೆ ಮೈ ಉರೀತಿತ್ತು. ಜಪ ಬಾಯಿಗೆ ಬರ್ತಿರ್ಲಿಲ್ಲ. ನಿಮ್ಮಲ್ಲಿ ಒಂದು ಒಳ್ಳೇದು ಕಾಣ್ದೆ ಇದ್ರೆ ನಾನು ಕೆಟ್ಟೋಯ್ತೀನಿ ಅಂತ ಭಯ ಆಯ್ತು. ಹಗಲೆಲ್ಲ ನೋಡ್ದೆ, ಸಿಗ್ಲಿಲ್ಲ. ಆಮೇಲೆ ಮುಂಜಾನೇನೂ ನೋಡೋಕ್ ಶುರು ಮಾಡ್ದೆ. ಎರಡು ತಿಂಗಳಿಗೆ ಸಿಕ್ತು. ಅವತ್ತು ಒಲೆ ಮುಂದೆ ಕೂತು ಅತ್ತೆ."

ಎರಡು ತಿಂಗಳು. ತನ್ನ ಮಗಳ ಬಾಳು ಕೆಡಿಸಿದವನ ಹಿತ್ತಲನ್ನು ಒಬ್ಬ ತಾಯಿ ಎರಡು ತಿಂಗಳು ಚಳಿಯಲ್ಲಿ ಎದ್ದು ನೋಡಿದ್ದಳು, ಅವನಲ್ಲಿ ಏನಾದರೂ ಒಳ್ಳೆಯದು ಸಿಕ್ಕೀತೇ ಎಂದು. ನಮ್ಮ ಮನೆದೇವರು ಮಾದಪ್ಪನ ಬೆಟ್ಟವನ್ನು ಬರಿಗಾಲಲ್ಲಿ ಎಷ್ಟೋ ಸಲ ಹತ್ತಿದ್ದೇನೆ. ಅವತ್ತು ಆ ಮಸಿ ಹಿಡಿದ ಒಲೆಯ ಮುಂದೆ ನಿಂತಾಗ ಆದಷ್ಟು ಭಯಭಕ್ತಿ ನನಗೆ ಇನ್ನೆಲ್ಲೂ ಆಗಿಲ್ಲ. ಕಾಲಿಗೆ ಬೀಳಹೋದೆ. ಆಕೆ ಹಿಂದೆ ಸರಿದು, ಪಳ್ಳಿಗೆ ಗೊತ್ತಾದರೆ ಪಾದ್ರಿ ಅಚ್ಚ ನನ್ನನ್ನು ಬೈಯುತ್ತಾರೆ ಎಂದು ನಕ್ಕು, ಚಾಯಕ್ಕೆ ನೀರಿಟ್ಟಳು. ನನ್ನಿಂದ ಚಾಯ ಕುಡಿಯಲಾಗಲಿಲ್ಲ. ಒಂದು ಮಾತು ಮಾತ್ರ ಆಕೆ ತಡೆದು ಹೇಳಿದಳು: ಕ್ಷಮೆ ಕೇಳಬೇಕಾದ್ದು ನನ್ನನ್ನಲ್ಲ, ಫಿಲೋಮಿನಳನ್ನು, ಅದು ಅವಳ ಬಾಳು, ನನ್ನದಲ್ಲ.

ಫಿಲೋಮಿನ ಐದು ಮಾರು ದೂರದಲ್ಲಿ ಹೊಲಿಯುತ್ತಿದ್ದಳು. ನಾನು ಅವಳ ಹತ್ತಿರ ಹೋಗಲಿಲ್ಲ. ಕಾಲು ಬರಲಿಲ್ಲ. ನಾಳೆ ಎಂದುಕೊಂಡೆ. ಮಾದೇವಿಯ ಮದುವೆಯಾಯಿತು, ಮೊಮ್ಮಕ್ಕಳಾದವು, ನಾಳೆ ನಾಳೆ ಎಂದು ಎಂಟು ವರ್ಷ ಕಳೆಯಿತು. ಅಂಗಡಿಯಲ್ಲಿ ಯಾರಾದರೂ ಚಾಡಿ ತೆಗೆದರೆ ಮೆಣಸು ತೂಗುವ ನೆವ ಮಾಡಿ ಒಳಗೆ ಹೋಗುತ್ತಿದ್ದೆ. ಬಸವಯ್ಯನ ನಾಲಿಗೆಗೆ ಲಕ್ವ ಹೊಡೆದಿದೆ ಎಂದು ಜನ ಆಡಿಕೊಂಡರು. ಫಿಲೋಮಿನಳಿಗೆ ಮದುವೆಯಾಗಲಿಲ್ಲ.

ತೊಂಬತ್ತನಾಲ್ಕರ ತಪಸ್ಸು ಕಾಲದಲ್ಲಿ, ಈಸ್ಟರಿಗೆ ಎರಡು ವಾರ ಮುಂಚೆ, ಆರೋಗ್ಯಮ್ಮ ಚಾಯ ಸೋಸುತ್ತಲೇ ಕುಸಿದಳು. ಮೂರು ದಿನ ಇದ್ದು ಹೋದಳು. ಹೊಳೆಯ ಎರಡೂ ದಡದ ಜನ ಬಂದರು. ಕೇತನ್ ಹಟ್ಟಿಯವರನ್ನೆಲ್ಲ ಕರೆತಂದು ಪಳ್ಳಿಯ ಗೋಡೆಯ ಹೊರಗೆ ಕೂತಿದ್ದ. ಮಣ್ಣು ಹಾಕುವಾಗ ನಾನು ಸುತ್ತ ನೋಡಿದೆ. ಅಲ್ಲಿದ್ದ ಒಬ್ಬೊಬ್ಬರ ಬಗ್ಗೆಯೂ ಆಕೆ ಕಂಡಿಟ್ಟಿದ್ದ ಒಂದೊಂದು ಒಳ್ಳೆಯದಿತ್ತು, ಅದೆಲ್ಲ ಆ ತಲೆಯ ಜೊತೆಗೆ ಮಣ್ಣಿಗೆ ಹೋಯಿತು ಎನಿಸಿತು.

ಏಳನೆಯ ದಿನದ ಪ್ರಾರ್ಥನೆ ಮುಗಿದು ಜನ ಚದುರಿದ ಮೇಲೆ ಅಂಗಡಿಗೆ ಹೋದೆ. ಫಿಲೋಮಿನ ಒಬ್ಬಳೇ ಲೋಟ ತೊಳೆಯುತ್ತಿದ್ದಳು. ಮೂವತ್ತನಾಲ್ಕು ವರ್ಷ, ತಲೆಯಲ್ಲಿ ಅಲ್ಲಲ್ಲಿ ಬಿಳಿ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬಂದ ಮೂವರು, ನಾನು ನುಂಗಿದ ಮಾತು, ನಕ್ಕ ನಗು, ಆಮೇಲೆ ಮಳೆಯಲ್ಲಿ ನಿಂತು ಅಂದದ್ದು. ತಪ್ಪಾಯಿತು ತಾಯಿ ಎಂದೆ. ಅವಳು ಲೋಟ ತೊಳೆಯುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ ತಲೆ ಎತ್ತಿ ನನ್ನನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿತ್ತು, ಅದನ್ನು ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ.

"ಅವ್ವಂಗೆ ಎಲ್ಡು ತಿಂಗಳಿಗೆ ಸಿಕ್ತು ಮಾವ," ಎಂದಳು. "ನಾನು ಹದಿಮೂರು ವರ್ಷದಿಂದ ನಿಮ್ಮನ್ನ ನೋಡ್ತಾ ಇವ್ನಿ. ನಂಗಿನ್ನೂ ಸಿಕ್ಕಿಲ್ಲ."

ನಾನು ತಲೆ ತಗ್ಗಿಸಿ ಹೊರಡಲು ತಿರುಗಿದೆ. ಅವಳು ಒಂದು ಲೋಟ ಒರೆಸಿ ಬೆಂಚಿನ ಮೇಲಿಟ್ಟು ಹಿಂದಿನಿಂದ ಕರೆದಳು.

"ಕೂತ್ಕೊಳಿ. ಚಾಯ ಕುಡ್ಕೊಂಡೋಗಿ. ನಾಳೇನೂ ಬನ್ನಿ."